ಕಾವಿಗೆ ಕೂತ ಕೋಳಿ

ಕೋಳಿ ಸಾಕುವುದು ಹೆಂಗಸರ ಬದುಕು, ಅದಕ್ಕೆ ನಾವು ಕೈ ಹಾಕುವುದಿಲ್ಲ ಎಂದು ಗುಬ್ಬಿ ಕಡೆಯ ನಮ್ಮೂರಿನಲ್ಲಿ ಎಲ್ಲ ಗಂಡಸರೂ ಹೇಳುತ್ತಾರೆ. ಮನೆಗೆ ಭಾವ ಬರುವ ತನಕ.

ನನ್ನ ಹತ್ತಿರ ಹದಿನಾಲ್ಕು ನಾಟಿ ಕೋಳಿಗಳಿದ್ದವು. ಹಗಲೆಲ್ಲ ತೆಂಗಿನ ತೋಟದಲ್ಲಿ ಮೇಯುತ್ತಿದ್ದವು. ಭಾನುವಾರ ಬೆಳಗಿನ ಬಸ್ಸಿಗೆ ಮೊಟ್ಟೆ, ನುಗ್ಗೇಕಾಯಿ, ಒಂದಷ್ಟು ಸೊಪ್ಪು ಹೊತ್ತು ಪೇಟೆಯ ಶಿರಾ ಗೇಟ್‌ಗೆ ಹೋಗಿ ಮಾರಲು ಕೂರುತ್ತಿದ್ದೆ. ಎಲ್ಲಕ್ಕಿಂತ ಚೆನ್ನಾಗಿ ಮೊಟ್ಟೆ ಇಡುತ್ತಿದ್ದುದು ಒಂದು ಕರಿ ಕೋಳಿ. ಅದರ ತಳಿಯೇ ಹೆಚ್ಚಲಿ ಎಂದು ಅದರ ಹದಿಮೂರು ಮೊಟ್ಟೆಗಳನ್ನು ಮಾರದೆ ತೆಗೆದಿಟ್ಟು, ಬುಟ್ಟಿಗೆ ಹುಲ್ಲು ಹಾಸಿ ಅದನ್ನೇ ಕಾವಿಗೆ ಕೂರಿಸಿದ್ದೆ. ಆ ಭಾನುವಾರಕ್ಕೆ ಇಪ್ಪತ್ತು ದಿನ. ಮಾರನೆಯ ದಿನ ಮರಿಗಳು ಹೊರಗೆ ಬರಬೇಕಿತ್ತು.

ಹನ್ನೊಂದು ಗಂಟೆಗೆ ಯಜಮಾನರ ಫೋನ್ ಬಂತು. ಕುಣಿಗಲ್‌ನಿಂದ ಅವರ ಅಕ್ಕನ ಗಂಡ ಬಂದಿದ್ದರಂತೆ.

"ಸಾರಿನ ಪುಡಿ ಎಲ್ಲಿಟ್ಟಿದೀಯಾ?"

"ಮೇಲ್ಗಡೆ ಸ್ಲಾಬ್ ಮೇಲೆ, ನೀಲಿ ಡಬ್ಬೀಲಿ."

ಬೇಳೆ ಸಾರಿರಬೇಕು, ಅಂತೂ ಒಲೆ ಮುಂದೆ ನಿಂತಿದ್ದಾರಲ್ಲ ಎಂದು ಸಂತೋಷ ಬೇರೆ ಪಟ್ಟೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಒಂದೂವರೆಗೆ ಮನೆಗೆ ಬಂದರೆ ಅಂಗಳದ ತುಂಬ ಕರಿ ಪುಕ್ಕ. ಮೊಟ್ಟೆಯ ಬುಟ್ಟಿಯನ್ನು ಹೊರಗಿನ ಗೋಡೆ ಪಕ್ಕ, ಉರಿಬಿಸಿಲಿಗೆ ಎತ್ತಿಟ್ಟಿದ್ದರು.

"ಮಿಕ್ಕಿದ್ವೆಲ್ಲ ತೋಟಕ್ಕೆ ನುಗ್ಗುದ್ವು, ಕೈಗೇ ಸಿಗ್ಲಿಲ್ಲ ಕಣೆ. ಇದೊಂದು ಸುಮ್ನೆ ಕೂತಿತ್ತು" ಎಂದರು ಯಜಮಾನರು.

ಸುಮ್ಮನೆ ಕೂತಿತ್ತಂತೆ. ದಿನಕ್ಕೊಮ್ಮೆ ಇಳಿದು ನಾಲ್ಕು ಕಾಳು ಹೆಕ್ಕಿ, ಗುಟುಕು ನೀರು ಕುಡಿದು ಮತ್ತೆ ಓಡಿ ಬಂದು ಕೂರುತ್ತಿದ್ದ ಪ್ರಾಣಿ. ಹತ್ತಿರ ಹೋದರೆ ನನ್ನ ಕೈಯನ್ನೇ ಕುಕ್ಕುತ್ತಿತ್ತು, ಮೊಟ್ಟೆ ಬಿಟ್ಟು ಮಾತ್ರ ಏಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿರುವ ಮನುಷ್ಯನಿಗೆ ಕೋಳಿ ಯಾಕೆ ಕೂತಿದೆ ಎಂದು ಗೊತ್ತಾಗಲಿಲ್ಲ. ಸಾರಿನ ಪುಡಿಗೆ ಫೋನ್ ಮಾಡಿದವರಿಗೆ ಕೋಳಿಯ ವಿಷಯಕ್ಕೆ ಒಂದು ಮಾತು ಕೇಳಲು ಬಾಯಿರಲಿಲ್ಲ.

ಒಳಗೆ ಭಾವನವರು ಊಟಕ್ಕೆ ಕೂತಿದ್ದರು. ಮುದ್ದೆ ಮುರಿಯುತ್ತ ನನ್ನ ಕಡೆ ನೋಡಿ, "ಏನಮ್ಮ, ನಿನ್ ಕೋಳೀಲಿ ಬರೀ ಮೂಳೆ. ಕಾಳುಗೀಳು ಹಾಕಲ್ವಾ?" ಎಂದರು.

ಬುಟ್ಟಿ ತಂದು ಅವರ ತಟ್ಟೆಯ ಪಕ್ಕದಲ್ಲೇ ಇಟ್ಟೆ. ಮೊಟ್ಟೆಗಳು ಮುಟ್ಟಲಾಗದಷ್ಟು ಕಾದಿದ್ದವು. ಒಂದನ್ನು ಸೆರಗಿನಲ್ಲಿ ಹಿಡಿದು ಯಜಮಾನರ ಕಿವಿಗೆ ಒತ್ತಿದೆ.

"ಏನಾದ್ರೂ ಕೇಳಿಸ್ತಾ?"

"ಏನೂ ಇಲ್ವಲ್ಲ."

"ಬೆಳಗ್ಗೆ ನಾನು ಹೊರಡೋವಾಗ ಕೇಳಿಸ್ತಿತ್ತು" ಎಂದೆ. "ಒಳಗಿಂದ್ಲೇ ಚಿಂವ್ ಅಂತಿದ್ವು."