ಕಂಪ್ಯೂಟರಿನೊಳಗಿದ್ದ ಕನ್ನಡ

ಮಿರಜದ ಸ್ಟೇಶನ್ ರಸ್ತೆಯಲ್ಲಿದ್ದ ನನ್ನ ಲಗ್ನಪತ್ರಿಕೆ ಅಂಗಡಿಗೆ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವನು ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದ. ಏನು ಕೇಳಿದರೂ, "ಕಾಳಜಿ ಬಿಡ್ರಿ ಕಾಕಾ," ಎನ್ನುತ್ತಿದ್ದ.

ಒಮ್ಮೆ ಕಂಪ್ಯೂಟರ್ ಶುರುವಾಗುವುದೇ ನಿಂತಿತು. ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಬೇಕೆಂದ. ಕೊಂಡಾಗಲೇ ಅದರಲ್ಲಿದ್ದ ಕನ್ನಡ ಸಾಫ್ಟ್‌ವೇರ್ ಮಾತ್ರ ಉಳಿಸು ಎಂದೆ, ಅದರ ಸಿ.ಡಿ. ನಮಗೆ ಯಾರೂ ಕೊಟ್ಟಿರಲಿಲ್ಲ. ಎಂದಿನಂತೆ "ಕಾಳಜಿ ಬಿಡ್ರಿ" ಎಂದು ಅವನು ಇಡೀ ಡಿಸ್ಕ್ ಅಳಿಸಿಬಿಟ್ಟ. ಸಂಜೆ ಕಂಪ್ಯೂಟರ್ ಚುರುಕಾಗಿ ಎದ್ದಿತು, ಕನ್ನಡ ಇರಲಿಲ್ಲ.

ಕಂಪ್ಯೂಟರ್ ಮಾರಿದವರನ್ನು ಕೇಳಲು ತಾನೇ ಸಾಂಗ್ಲಿಗೆ ಹೋಗಿ ಬರಿಗೈಯಲ್ಲಿ ಬಂದ. ಆ ರಿಪೇರಿಯವನ ಬಳಿ ಮರಾಠಿ ಸಾಫ್ಟ್‌ವೇರ್ ಅಷ್ಟೇ ಇತ್ತು. ಕನ್ನಡದಲ್ಲಿ ಬೇಕೆಂದಿದ್ದ ಸಲಗರೆಯ ಮದುವೆಯೊಂದರ ಪತ್ರಿಕೆ ಅವಸರದಲ್ಲಿತ್ತು, ಮರಾಠಿಯಲ್ಲೇ ಅಚ್ಚಾಯಿತು.

ಒಯ್ಯಲು ವಧುವಿನ ಅಜ್ಜಿ ಬಂದಾಗ ಅವನು ಅಂಗಡಿಯಲ್ಲೇ ಇದ್ದ. ಆಕೆ ಪತ್ರಿಕೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಅವನ ಕೈಗೆ ಕೊಟ್ಟಳು.

"ನಾ ಅಥಣಿ ಕಡೆಯಾಕಿ, ತಮ್ಮಾ. ಮರಾಠಿ ಓದಾಕ ಬರಂಗಿಲ್ಲ. ನಮ್ಮ ಮಮ್ಮಗಳ ಹೆಸರು ಎಲ್ಲೈತಿ?"

ಅವನು ಬೆರಳಿಟ್ಟು ತೋರಿಸಿದ. ಆಕೆ ಆ ಅಕ್ಷರಗಳನ್ನು ಸವರಿ, "ಛಂದ ಮಾಡೀರಪ್ಪಾ," ಎಂದು ಪತ್ರಿಕೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಅವನ ಕಿವಿಗಳು ಕೆಂಪಗಾಗಿದ್ದವು.

"ಆಕಿ ಬೈದಿದ್ರ ಛಲೋ ಇತ್ರಿ, ಕಾಕಾ," ಎಂದ.