ಸೋಪಮ್ಮನ ಮೂಗು

ಸೋಪಮ್ಮನಿಗೂ ಅವಳ ವಾರಗಿತ್ತಿಗೂ ಹಾವು ಮುಂಗುಸಿ ಸಂಬಂಧ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು ಬಣ್ಣಬಣ್ಣದ, ಘಮಘಮಿಸುವ ಸೋಪು ಮಾಡಿ ಮಾರುವವರು. ಮಾತು ಬಿಟ್ಟು ಮಾತ್ರ ವರ್ಷಗಳೇ ಆಗಿವೆ. ಕಾರಣ? ವಾರಗಿತ್ತಿ ಒಮ್ಮೆ ಹಸಿರು ಬಣ್ಣ ಕಲಸಿದ್ದಳು. ಸೋಪಮ್ಮ ಗಿರಾಕಿಗಳ ಎದುರೇ, "ಇದನ್ನ ಮೈಗೆ ಹಚ್ಚೋದಾ, ಬಾಗಿಲಿಗೆ ಬಳಿಯೋದಾ?" ಅಂದುಬಿಟ್ಟಳು. ಅವತ್ತಿನಿಂದ ಏನೇ ಹೇಳುವುದಿದ್ದರೂ ಗೋಡೆಗೆ ಹೇಳುತ್ತಾರೆ. ಬೇರೆ ಬೇರೆಯಾಗೋಣವೆಂದರೆ ಅದೂ ಆಗದು. ಒಬ್ಬಳು ಸುರಿಯುವಾಗ ಇನ್ನೊಬ್ಬಳು ಸೌಟು ತಿರುಗಿಸುತ್ತಲೇ ಇರಬೇಕು, ಇಲ್ಲದಿದ್ದರೆ ಪಾತ್ರೆಯಲ್ಲಿದ್ದದ್ದೆಲ್ಲ ಒಡೆದು ಹಾಳಾಗುತ್ತದೆ.

ಸೋಡಾ, ಬಣ್ಣ, ಸೌಟು ವಾರಗಿತ್ತಿಯದು. ಸೆಂಟು ಸೋಪಮ್ಮನದು. ಅದಕ್ಕೆ ಅಳತೆ ಗಿಳತೆ ಏನಿಲ್ಲ, ಅವಳ ಮೂಗೇ ಅಳತೆ. ಗಂಡ ಹೋದಮೇಲೆ ಮೈದುನನ ಮನೆಯಲ್ಲಿ ಅವಳು ತಲೆ ಎತ್ತಿಕೊಂಡು ಓಡಾಡುತ್ತಿದ್ದುದು ಆ ಮೂಗಿನ ಜೋರಿನ ಮೇಲೆಯೇ. ಆ ಮೂಗೋ, ಹೋದ ಚಳಿಗಾಲದ ಜ್ವರದಲ್ಲಿ ಸತ್ತೇಹೋಗಿತ್ತು! ಹೂವೂ ಒಂದೇ, ಹೊಗೆಯೂ ಒಂದೇ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ವಾರಗಿತ್ತಿಯ ತಂಗಿ ಬೇರೆ ಆ ಜಾಗಕ್ಕೆ ಹೊಂಚು ಹಾಕಿ ಕೂತಿದ್ದಳು. ಗುಟ್ಟು ಹೊರಬಿದ್ದರೆ ಆ ಮನೆಯಲ್ಲಿ ತನ್ನನ್ನು ಕೇಳುವವರಿಲ್ಲ ಎಂಬುದು ಸೋಪಮ್ಮನಿಗೆ ಗೊತ್ತಿತ್ತು.

ಆದರೂ ಸೋಪು ಕೆಡಲಿಲ್ಲ. ಯಾಕಂತೀರಾ? ಸೋಪಮ್ಮ ಸುರಿಯುತ್ತಾ ವಾರಗಿತ್ತಿಯ ಮುಖ ನೋಡುತ್ತಿದ್ದಳು. ಘಮ ಹದಕ್ಕೆ ಬಂದರೆ ಆ ಗಂಟುಮುಖ ಸ್ವಲ್ಪ ಸಡಿಲವಾಗುತ್ತಿತ್ತು; ಹೆಚ್ಚಾದರೆ ಮೂಗಿನ ಪಕ್ಕ ಸುಕ್ಕು. ಸುಕ್ಕು ಬೀಳುವ ಮುಂಚೆಯೇ ಬಾಟಲಿ ಎತ್ತಿಬಿಡುತ್ತಿದ್ದಳು. ಕಂಡರಾಗದವಳ ಮುಖವನ್ನೇ ದಿನಾ ಕಣ್ಣು ಮಿಟುಕಿಸದೆ ನೋಡುವ ಕರ್ಮ!

ಒಂದು ಬೆಳಿಗ್ಗೆ ವಾರಗಿತ್ತಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದಳು. "ಸೋಡಾ ಘಾಟು ತಡೆಯೋಕಾಗಲ್ಲಪ್ಪಾ ಗೋಡೆ," ಅಂದಳು.

ಸೋಪಮ್ಮನಿಗೆ ಕಾಣುತ್ತಿದ್ದುದು ಅವಳ ಎರಡು ಕಣ್ಣು ಮಾತ್ರ, ಅವೂ ಪಾತ್ರೆಯ ಮೇಲೆ. ಸೋಪಿನ ಪಾಕ ಸೌಟು ಎಳೆದ ಗೆರೆ ನಿಲ್ಲುವಷ್ಟು ಗಟ್ಟಿಯಾದ ಕೂಡಲೇ ದೇವರ ಮೇಲೆ ಭಾರ ಹಾಕಿ ಸುರಿದಳು, ಅಂದಾಜಿನಲ್ಲಿ ನಿಲ್ಲಿಸಿದಳು.

"ಸಾಕಂತಾ? ಕೇಳು ಗೋಡೆ," ಅಂದಳು ವಾರಗಿತ್ತಿ.

"ಮಲ್ಲಿಗೆ ಘಮ್ಮಂತಿದೆ, ಮೂಗಿದ್ದೋರಿಗೆ ಗೊತ್ತಾಗುತ್ತೆ ಅಂತ ಹೇಳು ಗೋಡೆ!"

ನಗು ಮುಚ್ಚಲೆಂದೇ ಕಟ್ಟಿದ್ದ ಬಟ್ಟೆಯನ್ನು ವಾರಗಿತ್ತಿ ಬಿಚ್ಚಿದಳು. "ಬಾಟಲಿಯಲ್ಲಿರೋದು ಅಡುಗೆ ಎಣ್ಣೆ, ನಾನೇ ತುಂಬಿಟ್ಟೆ. ಮೊನ್ನೆ ಹಾಲು ಸೀದು ಮನೆ ತುಂಬಾ ನಾತ, ಪಕ್ಕದಲ್ಲೇ ಕೂತಿದ್ದೋರಿಗೆ ಗೊತ್ತೇ ಆಗಲಿಲ್ಲ. ಮೂಗಿಲ್ಲದೋರು ಎಷ್ಟು ದಿನ ಮೆರೆದ್ರು ನೋಡು ಗೋಡೆ!"

ಸೋಪಮ್ಮನ ಪಿತ್ತ ನೆತ್ತಿಗೇರಿತು. ಗೋಡೆ ಮರೆತೇಹೋಯಿತು. "ಹೋಗಿದೆ ಕಣೇ, ಏನೀಗ? ಇಷ್ಟು ದಿನ ನಿನ್ನ ಮೂತಿ ನೋಡ್ಕೊಂಡೇ ಸುರಿದಿದ್ದು! ಊರೆಲ್ಲ ಹೊಗಳಿದ್ದು ನಿನ್ನ ದರಿದ್ರ ಮೂಗನ್ನ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಯಜಮಾನಿಕೆಯನ್ನು ಕೈಯಾರೆ ಎತ್ತಿ ಕೊಟ್ಟಾಗಿತ್ತು.

ವಾರಗಿತ್ತಿ ಸೌಟು ಕೈಬಿಟ್ಟಳು. ಆ ಮನೆ ಸೇರಿದಾಗಿನಿಂದ ತನಗೆ ಏನೂ ಬರುವುದಿಲ್ಲ ಎಂಬ ಮಾತನ್ನೇ ಕೇಳಿದವಳು. ಆಮೇಲೆ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದ ನಿಜವಾದ ಸೆಂಟಿನ ಬಾಟಲಿ ತೆಗೆದು, ಮೂಸಿ, ಜಂಬದಿಂದ ತಾನೇ ಸುರಿಯತೊಡಗಿದಳು. ಸೌಟು ನಿಂತೇಹೋಗಿತ್ತು, ಪಾತ್ರೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುತ್ತಿತ್ತು.

"ಅಕ್ಕಾ," ಅಂದಳು, ಗೋಡೆಗಲ್ಲ. "ಗರ ಬಡಿದೋರ ಹಾಗೆ ಏನು ನಿಂತಿದ್ದೀಯ? ಸೌಟು ತಿರುಗಿಸ್ತೀಯೋ, ನನ್ನ ತಂಗಿನ ಕರೀಲೋ?"

ಸೋಪಮ್ಮ ಹಲ್ಲು ಕಚ್ಚಿ ಸೌಟು ಹಿಡಿದಳು. ತಿರುಗಿಸುತ್ತಾ, ಅಭ್ಯಾಸಬಲ, ವಾರಗಿತ್ತಿಯ ಮುಖ ನೋಡಿದಳು. ಅವಳು ಗೆದ್ದ ಖುಷಿಯಲ್ಲಿ ಸುರಿಯುತ್ತಲೇ ಇದ್ದಳು. ಮೂಗಿನ ಪಕ್ಕ ಸಣ್ಣಗೆ ಸುಕ್ಕು ಬೀಳುವುದರಲ್ಲಿತ್ತು, ಅವಳಿಗೇ ಅದರ ಅರಿವಿರಲಿಲ್ಲ.

"ಸಾಕು, ನಿಲ್ಲಿಸೇ," ಅಂದಳು ಸೋಪಮ್ಮ.

ವಾರಗಿತ್ತಿ ಮೂಸಿ ನೋಡಿದಳು. ಬಾಟಲಿ ಎತ್ತಿದಳು.