ವಸುಧಾಳ ರೈಫಲ್

ಅಮೆರಿಕದ ಡೌನರ್ಸ್ ಗ್ರೋವ್‌ನ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಮಾಡುವ ಛಾಯಾಳಿಗೆ ಬಂದೂಕು ಹೊಡೆಯಲು ಬರುತ್ತದೆ ಎಂದರೆ ಪರಿಚಯದವರು ಮೊದಲು ನಗುತ್ತಿದ್ದರು. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯಲ್ಲಿ ಕಲಿತ ವಿದ್ಯೆ ಅದು. ನೆಲಕ್ಕೆ ಹೊಟ್ಟೆ ಒತ್ತಿ ಮಲಗಿ, ಅರ್ಧ ಉಸಿರು ಬಿಟ್ಟು ತಡೆದು, ಹಲಗೆಯ ಕಪ್ಪು ಬೊಟ್ಟಿಗೆ ಗುರಿಯಿಡುವುದು. ಮದುವೆ, ಅಮೆರಿಕ, ಫಾರ್ಮಸಿ ಲೈಸೆನ್ಸಿನ ಪರೀಕ್ಷೆ, ಮಗಳ ಬಾಲ್ಯ ಇವುಗಳ ನಡುವೆ ಅದು ಮರೆತೇ ಹೋಗಿತ್ತು. ಮಗಳು ಸಿಯಾ ಕಾಲೇಜು ಸೇರಿ ಮನೆ ಬಿಟ್ಟ ವರ್ಷ, ಜೋಳದ ಹೊಲಗಳ ನಡುವೆ ಇದ್ದ ಒಂದು ರೈಫಲ್ ಕ್ಲಬ್ಬಿಗೆ ಛಾಯಾ ಸೇರಿಕೊಂಡಳು. ಕ್ಲಬ್ಬಿನವರದೇ ಹಳೆಯ ರೈಫಲ್ ಹಿಡಿದು ಮಲಗಿದರೆ ಅವಳ ಗುಂಡುಗಳು ಈಗಲೂ ಒಂದರ ಪಕ್ಕ ಒಂದು ಬೀಳುತ್ತಿದ್ದವು.

ಗೆಳತಿ ವಸುಧಾಳನ್ನು ಅಲ್ಲಿಗೆ ಕರೆದುಕೊಂಡು ಹೋದವಳೂ ಅವಳೇ. ವಸುಧಾ ಓಕ್ ಬ್ರೂಕ್‌ನಲ್ಲಿ ಸ್ವಂತ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು. "ನಾನೂ ಬರ್ತೀನಿ ಕಣೇ, ಭಾನುವಾರ ಮನೇಲಿ ಕೂತು ಏನ್ ಮಾಡ್ಲಿ?" ಎಂದು ಬಂದವಳಿಗೆ ಛಾಯಾ ಎಲ್ಲವನ್ನೂ ಹೇಳಿಕೊಟ್ಟಳು. ಮೊಣಕೈ ಊರುವುದು, ಕೆನ್ನೆ ಒರಗಿಸುವುದು, ಟ್ರಿಗರನ್ನು ಹಿಂಡದೆ ಮೆಲ್ಲಗೆ ಒತ್ತುವುದು. ಕಲಿಸುವುದರಲ್ಲಿ ಅವಳಿಗೆ ಸುಖವಿತ್ತು.

ಬೇಸಿಗೆಯ ಹೊತ್ತಿಗೆ ವಸುಧಾ ತನ್ನದೇ ರೈಫಲ್ ತಂದಳು. ಹೇಳಿ ಮಾಡಿಸಿದ್ದು. ಗುಂಡು ತುಂಬಲು ಬೋಲ್ಟ್ ಎಳೆದರೆ ಎಣ್ಣೆ ಸವರಿದ ಹಾಗೆ ಜಾರುತ್ತಿತ್ತು. ಮೇಲೆ ಕೂತಿದ್ದ ದುರ್ಬೀನಿನಂಥ ಸ್ಕೋಪಿನಲ್ಲಿ ಆರುನೂರು ಗಜ ದೂರದ ಹಲಗೆ ಅಂಗೈಯಲ್ಲಿ ಹಿಡಿದಂತೆ ಕಾಣುತ್ತಿತ್ತು. ಅದೇ ದಿನ ವಸುಧಾಳ ಗುಂಡುಗಳು ಛಾಯಾಳ ಗುಂಡುಗಳಿಗಿಂತ ಒತ್ತಾಗಿ ಬಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಛಾಯಾಳೂ ತಟ್ಟಿದಳು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

"ನಂಗೂ ಒಂದು ಬೇಕು," ಎಂದಳು ಮನೆಗೆ ಬಂದು. ಗಂಡ ಹರಿ ಯೋಚಿಸಿ, ಸಿಯಾಳ ಫೀಸು ಕಟ್ಟಿದ ಮೇಲೆ ಎರಡು ಸಾವಿರ ಡಾಲರಿನೊಳಗೆ ಆದರೆ ಸರಿ ಎಂದ.

ಕ್ಲಬ್ಬಿನಲ್ಲಿ ಧಾರವಾಡದ ಕಡೆಯ ವಿಷ್ಣು ಅಂಕಲ್ ಇದ್ದರು, ನಿವೃತ್ತ ಎಂಜಿನಿಯರ್. ಛಾಯಾ ಅವರನ್ನು ಕೇಳಿದಳು.

"ರೊಕ್ಕ ಎಲ್ಲಾ ಬಂದೂಕಿಗೇ ಸುರೀಬ್ಯಾಡವಾ," ಎಂದರು ಅವರು. "ಅರ್ಧ ಬಂದೂಕಿಗೆ ಇಡು, ಉಳಿದದ್ದು ದುರ್ಬೀನಿಗೆ, ಗುಂಡಿಗೆ. ನಳಿಗಿ ದಪ್ಪ ಇರಲಿ, ಟ್ರಿಗರ್ ಹಗುರ ಇರಲಿ, ಚಂದ ಯಾರು ನೋಡ್ತಾರ? ಗುಂಡು ಎಲ್ಲಾ ಅಂಗಡ್ಯಾಗ ಸಿಗೂವಂಥಾದ್ದು ತಗೋ. ಗುಂಡು ತುಟ್ಟಿ ಆತಂದ್ರ ಪ್ರ್ಯಾಕ್ಟೀಸ್ ಬಿಟ್ಟು ಕೂಡ್ತಿ."

ಅವರು ಹೇಳಿದಂಥದ್ದೇ ಒಂದು ಅಂಗಡಿಯಲ್ಲಿ ಸಿಕ್ಕಿತು. ದಪ್ಪ ನಳಿಗೆ, ಸಾದಾ ಕಪ್ಪು ಪ್ಲಾಸ್ಟಿಕ್ ಹಿಡಿ. ಛಾಯಾ ಭುಜಕ್ಕೆ ಒತ್ತಿ ನೋಡಿದಳು. ಚೆನ್ನಾಗಿಯೇ ಕೂತಿತು. ಬೋಲ್ಟ್ ಎಳೆದಾಗ ಮಾತ್ರ ಕರಕರ ಎಂದಿತು. ತಕ್ಷಣ ವಸುಧಾಳ ರೈಫಲ್ ನೆನಪಾಗಿ ಅದನ್ನು ಕೆಳಗಿಟ್ಟಳು.

"ಇದಕ್ಕೇನಾಗಿದೆ?" ಎಂದ ಹರಿ.

"ಏನೂ ಆಗಿಲ್ಲ. ಬೇಡ, ಅಷ್ಟೇ."

ಮುಂದಿನ ವಾರ ವಸುಧಾ ತಾನಾಗಿಯೇ, "ನನ್ನದರಲ್ಲಿ ಹೊಡೆದು ನೋಡೇ," ಎಂದು ತನ್ನ ರೈಫಲ್ ಮುಂದೆ ಇಟ್ಟು ನೀರು ತರಲು ಹೋದಳು. ಛಾಯಾ ಮಲಗಿ ಕೆನ್ನೆ ಒರಗಿಸಿ ಸ್ಕೋಪಿಗೆ ಕೈ ಹಚ್ಚಿದಳು. ಅದು ಎಳೆಯಷ್ಟು ಅಲುಗಾಡಿತು. ಬೆರಳಿಟ್ಟು ನೋಡಿದರೆ ಸ್ಕೋಪ್ ಕೂರಿಸಿದ ಸ್ಕ್ರೂ ಸಡಿಲವಾಗಿತ್ತು. ಹೀಗೇ ಬಿಟ್ಟರೆ ಒಂದು ಗುಂಡು ಎತ್ತಲೋ, ಇನ್ನೊಂದು ಎತ್ತಲೋ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ವಸುಧಾ ನೀರಿನ ಬಾಟಲಿ ಹಿಡಿದು ಬಂದಳು. "ಹೇಗಿದೆ?"

"ಸೂಪರ್," ಎಂದು ಛಾಯಾ ಎದ್ದುಬಿಟ್ಟಳು.

ಅಲ್ಲಿಂದ ವಸುಧಾಳ ಗುಂಡುಗಳು ಚೆದುರತೊಡಗಿದವು. "ಏನ್ ತಪ್ಪು ಮಾಡ್ತಿದೀನೇ ನಾನು?" ಎಂದು ಅವಳು ಕೇಳಿದರೆ, "ಉಸಿರು ಸರಿಯಾಗಿ ಹಿಡೀತಿಲ್ಲ ನೀನು," ಎನ್ನುತ್ತಿದ್ದಳು ಛಾಯಾ. ಕ್ಲಬ್ಬಿನ ಹಳೆಯ ರೈಫಲ್ಲಿನಲ್ಲೇ ಅವಳು ಮತ್ತೆ ಮುಂದಾದಳು. ಮನೆಗೆ ಡ್ರೈವ್ ಮಾಡುವಾಗ ಹಾಡು ಗುನುಗುತ್ತಿದ್ದಳು. ವಸುಧಾ ಎರಡು ಭಾನುವಾರ ಕ್ಲಬ್ಬಿಗೇ ಬರಲಿಲ್ಲ.

ಇಬ್ಬರೂ ಮತ್ತೆ ಸಿಕ್ಕಿದ್ದು ವರಮಹಾಲಕ್ಷ್ಮಿ ಹಬ್ಬದ ದಿನ, ಲೆಮಾಂಟ್ ದೇವಸ್ಥಾನದ ಊಟದ ಹಾಲಿನಲ್ಲಿ. ವಸುಧಾ ಪುಳಿಯೋಗರೆ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ಕೂತಳು.

"ಆ ರೈಫಲ್ ನೀನೇ ತಗೋ ಛಾಯಾ. ನಿನ್ನ ಬಜೆಟ್ ಎಷ್ಟಿದ್ಯೋ ಅಷ್ಟು ಕೊಡು, ಸಾಕು."

ಛಾಯಾ ಸರಕ್ಕನೆ ಅವಳತ್ತ ತಿರುಗಿದಳು. "ನಿಜವಾಗ್ಲೂ?"

"ಹೂಂ. ಪೇಪರ್ ಕೆಲಸ ಎಲ್ಲ ಈ ವಾರವೇ ಮುಗಿಸೋಣ."

"ಆಯ್ತು," ಎಂದಳು ಛಾಯಾ. ಆ ನುಣುಪಾದ ಬೋಲ್ಟ್ ಆಗಲೇ ಅವಳ ಕೈಗೆ ಬಂದಂತಿತ್ತು.

ವಸುಧಾ ದನಿ ತಗ್ಗಿಸಿದಳು. "ಯಾರಿಗೂ ಹೇಳಿಲ್ಲ ಕಣೇ. ನನ್ನ ಕೈ ನಡುಗತ್ತೆ ಅನ್ಸತ್ತೆ. ಕಣ್ಣು ಟೆಸ್ಟ್ ಮಾಡಿಸ್ದೆ, ಸರಿ ಇದೆ ಅಂದ್ರು. ಮತ್ತೆ ಕೈನೇ ಇರ್ಬೇಕು ಅಲ್ವಾ? ಈಗ ಪೇಷಂಟ್ ಬಾಯಲ್ಲಿ ಡ್ರಿಲ್ ಇಡಕ್ಕೂ ಭಯ. ಹೋದ ವಾರ ಎರಡು ಕೇಸ್ ಬೇರೆ ಡಾಕ್ಟರಿಗೆ ಕಳಿಸ್ಬಿಟ್ಟೆ."

ಛಾಯಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು.

"ನಿನ್ನ ಕೈಗೆ ಏನೂ ಆಗಿಲ್ಲ," ಎಂದಳು. "ಸ್ಕೋಪಿನ ಸ್ಕ್ರೂ ಲೂಸ್ ಆಗಿದೆ."

"ನಿಂಗೆ ಹೇಗ್ ಗೊತ್ತು?"

"ಆವತ್ತು ಹೊಡೆದು ನೋಡು ಅಂದ್ಯಲ್ಲ, ಆಗ್ಲೇ ನೋಡ್ದೆ."

"ನೋಡಿ ಸುಮ್ನಿದ್ಯಾ?"

"ಹೂಂ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ. ನಿಂಗೆ ಕಲಿಸಿದ್ದು ನಾನು. ಆ ರೈಫಲ್ ನನ್ನ ಹತ್ರ ಇರ್ಬೇಕಿತ್ತು ಅನ್ಸ್ತು."

ವಸುಧಾ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಆ ಭಾನುವಾರ ವಿಷ್ಣು ಅಂಕಲ್ ಸ್ಕ್ರೂ ಬಿಗಿ ಮಾಡಿಕೊಟ್ಟರು. ವಸುಧಾಳ ಗುಂಡುಗಳು ಮತ್ತೆ ಒಂದೆಡೆ ಕೂಡಿದವು. ಆ ಕಡೆಯ ತುದಿಯಲ್ಲಿ ಮಲಗಿದ್ದ ಛಾಯಾಳತ್ತ ಅವಳು ತಿರುಗಿಯೂ ನೋಡಲಿಲ್ಲ. ಕಳಿಸಿಬಿಟ್ಟಿದ್ದ ರೋಗಿಗಳನ್ನು ಮತ್ತೆ ಕರೆಸಿಕೊಂಡಳೆಂದು ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಹೋಗಿದ್ದ ಹರಿಯ ಮೂಲಕ ಛಾಯಾಳಿಗೆ ಗೊತ್ತಾಯಿತು.

ಛಾಯಾ ಅಂಗಡಿಗೆ ಹೋಗಿ ಆ ಸಾದಾ ರೈಫಲ್ಲನ್ನೇ ಕೊಂಡಳು, ಅದಕ್ಕೊಪ್ಪುವ ಒಂದು ಸ್ಕೋಪನ್ನೂ. ಬೋಲ್ಟ್ ಕೈಗೆ ಪಳಗಲು ತಿಂಗಳು ಹಿಡಿಯಿತು. ಗುಂಡು ಮಾತ್ರ ಗುರಿಯಿಟ್ಟಲ್ಲಿಗೇ ಹೋಗುತ್ತಿತ್ತು. ಅವಳು ಅದನ್ನು ಇಷ್ಟಪಟ್ಟಳು. ಆದರೂ ಪ್ರತಿ ಭಾನುವಾರ ವಸುಧಾ ಪೆಟ್ಟಿಗೆ ತೆರೆಯುವಾಗ ಕಣ್ಣು ತಾನಾಗಿ ಆ ಕಡೆ ಹೊರಳುತ್ತಿತ್ತು.

ಅಕ್ಟೋಬರಿನ ಪಂದ್ಯದಲ್ಲಿ ಇಬ್ಬರಿಗೂ ಪಕ್ಕಪಕ್ಕದ ಜಾಗ ಬಿತ್ತು. ಛಾಯಾ ಮೊದಲು ಹೊಡೆದು ಮುಗಿಸಿದ್ದಳು; ಆವರೆಗೆ ಅವಳೇ ಮುಂದೆ. ವಸುಧಾಳಿಗೆ ಕೊನೆಯ ಗುಂಡು ಉಳಿದಿತ್ತು. ಜೋಳದ ಹೊಲದ ಮೇಲೆ ಗಾಳಿ ದಿಕ್ಕು ಬದಲಿಸುತ್ತಿತ್ತು. ವಸುಧಾ ಸ್ಕೋಪಿನಿಂದ ಕಣ್ಣು ತೆಗೆಯದೆ, ತಿಂಗಳುಗಳ ನಂತರ ಮೊದಲ ಬಾರಿಗೆ, ಕೇಳಿದಳು.

"ಗಾಳಿ ಹೇಗಿದೆ?"

ಛಾಯಾ ಹುಲ್ಲಿನ ತುದಿಗಳನ್ನು ನೋಡಿದಳು. "ಎಡದಿಂದ ಬರ್ತಿದೆ, ಗುಂಡನ್ನ ಬಲಕ್ಕೆ ತಳ್ಳತ್ತೆ. ಬೊಟ್ಟಿನ ಎಡ ಅಂಚಿಗೆ ಹಿಡಿ."

ವಸುಧಾ ಒಂದು ಕ್ಷಣ ತಡೆದಳು. ನಂಬಬೇಕೋ ಬೇಡವೋ ಎಂದು ತೂಗುತ್ತಿದ್ದಾಳೆಂಬುದು ಛಾಯಾಳಿಗೆ ಗೊತ್ತಾಯಿತು. ಆಮೇಲೆ ನಳಿಗೆ ಸ್ವಲ್ಪವೇ ಎಡಕ್ಕೆ ಸರಿಯಿತು. ಗುಂಡು ನಟ್ಟನಡುವೆ ಬಿತ್ತು. ಪಂದ್ಯ ವಸುಧಾಳದಾಯಿತು.

"ಥ್ಯಾಂಕ್ಸ್," ಎಂದಳು ಅವಳು, ಎದ್ದು ಬಟ್ಟೆ ಕೊಡವಿಕೊಳ್ಳುತ್ತ.

ಛಾಯಾ ತಲೆಯಾಡಿಸಿದಳು. ಹೊಟ್ಟೆ ಉರಿಯುತ್ತಲೇ ಇತ್ತು. ಆದರೂ ಅವಳು ಬಗ್ಗಿ, ಆ ಉದ್ದನೆಯ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದು, ಕಾರಿನವರೆಗೆ ಹೊರಲು ಕೈಜೋಡಿಸಿದಳು.